ಕಂಪ್ರೆಸರ್ ಪೆಡಲ್ ಯಾವುದು ಒಳ್ಳೆಯದು? ಅದಕ್ಕಿಂತ ಮೊದಲು, ನಿಮಗೆ ಬೇಕಾ?

"ಒಂದು ಕಂಪ್ರೆಸರ್ ತೆಗೆದುಕೊಳ್ಳಬೇಕು" ಎಂದು ನಾನು ಮನೆಯಲ್ಲಿ ಬಾಯಿಬಿಟ್ಟ ದಿನ ಅಮ್ಮ ಎದ್ದುಹೋಗಿ ಫ್ರಿಜ್ಜಿನ ಬಾಗಿಲು ತೆರೆದು ಐಸ್ ಉಂಟಾ ಎಂದು ನೋಡಿದರು. ಅವರದ್ದು ತಪ್ಪಲ್ಲ. ಗಿಟಾರ್ ಬಾರಿಸುವವರಲ್ಲೇ ಅರ್ಧಕ್ಕರ್ಧ ಜನರಿಗೆ ಗಿಟಾರಿಗೂ ಆಂಪಿಗೂ (ಆಂಪ್ಲಿಫೈಯರ್) ನಡುವೆ ಇಟ್ಟು ಕಾಲಿನಲ್ಲಿ ಒತ್ತುವ ಈ ಪೆಡಲ್ ಎಂತ ಮಾಡುತ್ತದೆ ಎಂದು ಸರಿಯಾಗಿ ಗೊತ್ತಿಲ್ಲ. ಸದ್ದನ್ನು ಒರಟು ಮಾಡುವ ಡಿಸ್ಟಾರ್ಶನ್ ಒತ್ತಿದರೆ ಪಕ್ಕದ ಮನೆಗೂ ಗೊತ್ತಾಗುತ್ತದೆ. ಪ್ರತಿಧ್ವನಿ ಕೊಡುವ ಡಿಲೇ ಒತ್ತಿದರೆ ಮಕ್ಕಳೂ ತಿರುಗಿ ನೋಡುತ್ತಾರೆ. ಕಂಪ್ರೆಸರ್ ಒತ್ತಿದರೆ ಏನೂ ಆದ ಹಾಗೆ ಕಾಣುವುದಿಲ್ಲ. ಅರ್ಧ ಗಂಟೆ ಬಾರಿಸಿ ಆಫ್ ಮಾಡಿದಾಗ ಮಾತ್ರ ಯಾರೋ ಕೋಣೆಯಿಂದ ಎದ್ದುಹೋದ ಹಾಗೆ ಆಗುತ್ತದೆ.

ಆ ಮೇಲೆ ನಾನು ನಾಲ್ಕು ಕಂಪ್ರೆಸರ್ ಕೊಂಡಿದ್ದೇನೆ, ಮೂರನ್ನು ಮಾರಿದ್ದೇನೆ. ಈ ಬರಹ ಆ ಮಾರಾಟದ ಲೆಕ್ಕ ಎಂದು ಬೇಕಾದರೆ ಇಟ್ಟುಕೊಳ್ಳಿ.

ಬಯಲಾಟದ ಸೌಂಡ್ಸ್‌ನವನ ಕೈ

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಗದ್ದೆಯಲ್ಲಿ ಬಯಲಾಟ ನಡೆಯುತ್ತಾ ಉಂಟು. ಬದಿಯಲ್ಲಿ ಮಿಕ್ಸರ್ ಇಟ್ಟುಕೊಂಡು ಸೌಂಡ್ಸ್‌ನವ ಕೂತಿದ್ದಾನೆ. ಭಾಗವತರು ಮೆಲ್ಲ ಪದ್ಯ ಎತ್ತಿಕೊಂಡಾಗ ಅವನು ಮೈಕ್ ಏರಿಸುತ್ತಾನೆ. ಸ್ವರ ಮೇಲಕ್ಕೆ ಹೋಗಿ ಚೆಂಡೆಯೂ ಸೇರಿದ ಕೂಡಲೇ ಇಳಿಸುತ್ತಾನೆ. ಕೇಳುವವರಿಗೆ ಎಲ್ಲವೂ ಒಂದು ಹದದಲ್ಲಿ ಬರುತ್ತದೆ. ಕಂಪ್ರೆಸರ್ ಅಂದರೆ ಆ ಕೈ.

ಎಷ್ಟು ಜೋರಾದ ಮೇಲೆ ಕೈ ಏಳುತ್ತದೆ ಎಂಬುದು ಥ್ರೆಶೋಲ್ಡ್. ಎದ್ದ ಮೇಲೆ ಎಷ್ಟು ಇಳಿಸುತ್ತಾನೆ ಎಂಬುದು ರೇಶಿಯೋ: 4ಕ್ಕೆ 1 ಎಂದಿದ್ದರೆ, ಥ್ರೆಶೋಲ್ಡ್ ದಾಟಿ 8 ಡೆಸಿಬೆಲ್ ಮೇಲೆ ಹೋದ ಸದ್ದು ಹೊರಗೆ ಬರುವಾಗ 2 ಡೆಸಿಬೆಲ್ ಮಾತ್ರ ಮೇಲಿರುತ್ತದೆ. ಎಷ್ಟು ಬೇಗ ಇಳಿಸುತ್ತಾನೆ ಎಂಬುದು ಅಟ್ಯಾಕ್. ಜೋರು ಮುಗಿದ ಮೇಲೆ ಎಷ್ಟು ಹೊತ್ತಿಗೆ ವಾಪಸ್ ಮೊದಲಿನ ಜಾಗಕ್ಕೆ ತರುತ್ತಾನೆ ಎಂಬುದು ರಿಲೀಸ್. ಎಲ್ಲ ಇಳಿಸಿ ಇಳಿಸಿ ಒಟ್ಟು ಸದ್ದೇ ಸಣ್ಣದಾಗುತ್ತದಲ್ಲ, ಅದನ್ನು ತುಂಬಿಸಿಕೊಡುವುದು ಲೆವೆಲ್ ಅಥವಾ ಔಟ್‌ಪುಟ್ ನಾಬ್.

ಇನ್ನೊಂದು ವಿಷಯವೂ ಇದರಲ್ಲೇ ಉಂಟು. ಕಲಾವಿದರು ಅರ್ಥ ಹೇಳುತ್ತಾ ನಡುವೆ ನಿಂತಾಗ ಸೌಂಡ್ಸ್‌ನವ ಮೈಕ್ ಏರಿಸಿಯೇ ಬಿಟ್ಟಿದ್ದರೆ ಎಂತ ಕೇಳುತ್ತದೆ? ಜನರೇಟರ್, ಮುಂದಿನ ಸಾಲಿನ ಕೆಮ್ಮು, ಚರುಮುರಿಯವನ ತಪಲೆ. ಕಂಪ್ರೆಸರ್ ಹಾಕಿದ ಗಿಟಾರಿನಲ್ಲೂ ಅದೇ ಕತೆ. ನೀವು ಬಾರಿಸದೆ ನಿಂತಾಗ ಅದು ಎತ್ತಿಹಿಡಿಯುವುದು ಗುಂಯ್ ಶಬ್ದವನ್ನು.

ಯಾರಿಗೆ ಬೇಡ

ಮೆಟಲ್ ಅಥವಾ ಹೆವಿ ರಾಕ್ ಬಾರಿಸುವವರು ಇಲ್ಲಿಗೇ ಓದು ನಿಲ್ಲಿಸಿ ಆ ದುಡ್ಡಿಗೆ ಒಳ್ಳೆ ಸ್ಟ್ರಿಂಗ್, ಕೇಬಲ್ ತೆಗೆದುಕೊಳ್ಳಬಹುದು. ಡಿಸ್ಟಾರ್ಶನ್ ಎಂಬುದೇ ಸಿಗ್ನಲ್‌ನ ತಲೆ ಕತ್ತರಿಸಿ ಚಪ್ಪಟೆ ಮಾಡುವ ಕೆಲಸ. ಕತ್ತರಿಸಿದ್ದನ್ನು ಕಂಪ್ರೆಸರಿನಿಂದ ಮತ್ತೆ ಒತ್ತಿದರೆ ಸಿಗುವುದು ಹಿಸ್ ಮಾತ್ರ. ಟ್ಯೂಬ್ ಆಂಪ್ ಇದ್ದು ಅದನ್ನು ಏರಿಸಿ ಬಾರಿಸುವ ಭಾಗ್ಯ ಇರುವವರಿಗೂ ಅವಸರ ಇಲ್ಲ, ಆ ಆಂಪೇ ಸ್ವಲ್ಪ ಒತ್ತಿಕೊಡುತ್ತದೆ.

ಬೇಕಾಗುವುದು ಕ್ಲೀನ್, ಅಂದರೆ ಡಿಸ್ಟಾರ್ಶನ್ ಇಲ್ಲದೆ, ಬಾರಿಸುವವರಿಗೆ, ಅದರಲ್ಲೂ ಟ್ರಾನ್ಸಿಸ್ಟರ್ ಆಂಪಿಗೋ ನೇರ ಮಿಕ್ಸರಿಗೋ ಗಿಟಾರ್ ಕೊಡುವವರಿಗೆ. ಮಂಗಳೂರಿನಲ್ಲಿ ಹಾಗೆ ನೋಡಿದರೆ ನಮ್ಮಲ್ಲಿ ಹೆಚ್ಚಿನವರು ಇದೇ ಪಂಗಡ: ಮದುವೆ ಹಾಲಿನಲ್ಲಿ, ರೋಸಿನ (ಮದುವೆ ಮುಂಚಿನ ಶಾಸ್ತ್ರ) ಮನೆಯಂಗಳದಲ್ಲಿ, ಇಗರ್ಜಿಯ ಕ್ವಾಯರಿನಲ್ಲಿ, ಆರ್ಕೆಸ್ಟ್ರಾದಲ್ಲಿ. ಅಲ್ಲಿ ಆಂಪ್ ಏರಿಸಲು ಯಾರೂ ಬಿಡುವುದಿಲ್ಲ, ಕೀಬೋರ್ಡ್ ಎಡೆಯಲ್ಲಿ ಗಿಟಾರ್ ಮುಳುಗುತ್ತದೆ, ಒಂದು ತಂತಿ ಜೋರು ಇನ್ನೊಂದು ಮೆಲ್ಲ ಕೇಳುತ್ತದೆ.

ಇನ್ನೊಂದು ಗುಂಪು ಕರ್ನಾಟಕ ಸಂಗೀತವನ್ನು ಗಿಟಾರಿನಲ್ಲಿ ಪ್ರಯತ್ನಿಸುವವರದ್ದು. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕೇಳಿ ಬೆಳೆದ ಊರು ಇದು. ಅಲ್ಲಿ ಉಸಿರು ಇರುವಷ್ಟು ಹೊತ್ತು ಸ್ವರ ನಿಲ್ಲುತ್ತದೆ, ನಡುವೆ ಬೇಕಾದರೆ ಉಬ್ಬಿಸಲೂಬಹುದು. ಗಿಟಾರಿನ ಸ್ವರ ಮೀಟಿದ ಕ್ಷಣದಿಂದಲೇ ಸಾಯಲು ಶುರು. ಒಂದು ಮೀಟಿಗೆ ಗಾಂಧಾರವನ್ನು ನಾಲ್ಕು ಸಲ ಕಂಪಿಸಬೇಕು ಎಂದಿಟ್ಟುಕೊಳ್ಳಿ. ಮೂರನೆಯದಕ್ಕೇ ಸದ್ದು ಅರ್ಧ ಇಳಿದಿರುತ್ತದೆ, ನಾಲ್ಕನೆಯದು ನಿಮಗೆ ಮಾತ್ರ ಕೇಳುತ್ತದೆ. ಈ ಕೊನೆಯ ಎರಡನ್ನು ಎತ್ತಿಕೊಡಲು ಕಂಪ್ರೆಸರ್ ಬಹಳ ಉಪಕಾರಿ. ಯಾವುದು ಎಂಬುದಕ್ಕೆ ಮುಂದೆ ಬರುತ್ತೇನೆ.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ನಿಮ್ಮಲ್ಲಿ ಝೂಮ್ ಅಥವಾ ಬಾಸ್ (Boss) ಕಂಪನಿಯ ಮಲ್ಟಿಎಫೆಕ್ಟ್, ಅಂದರೆ ಹಲವು ಪೆಡಲಿನ ಕೆಲಸ ಮಾಡುವ ಒಂದೇ ಡಬ್ಬಿ, ಇದ್ದರೆ ಅದರಲ್ಲಿ ಕಂಪ್ರೆಸರ್ ಇದ್ದೇ ಇರುತ್ತದೆ. ಅದನ್ನು ಒಂದು ವಾರ ಆನ್ ಮಾಡಿಯೇ ಬಾರಿಸಿ. ವಾರ ಕಳೆದು ಆಫ್ ಮಾಡಿದಾಗ ಏನೂ ಅನಿಸದಿದ್ದರೆ ನಿಮಗೆ ಪೆಡಲ್ ಬೇಡ, ಮಾರಾಯ್ರೆ.

ಕೆಂಪು ಡಬ್ಬಿ ಮತ್ತು ಅದರ ಮರಿಗಳು

ಎಂಎಕ್ಸ್‌ಆರ್ ಡೈನಾ ಕಾಂಪ್ 1970ರ ದಶಕದ್ದು. ಅಮೆರಿಕದ ರಾಚೆಸ್ಟರ್ ಪಟ್ಟಣದಲ್ಲಿ ಹುಟ್ಟಿದ ಕಂಪನಿ. ಈಗ ಆ ಹೆಸರು ಡನ್‌ಲಪ್‌ನವರ ಕೈಯಲ್ಲಿದೆ. ಎರಡೇ ನಾಬ್: ಔಟ್‌ಪುಟ್, ಸೆನ್ಸಿಟಿವಿಟಿ (ಎಷ್ಟು ಒತ್ತಬೇಕು ಎಂಬುದು). ಒಳಗೆ ಮೂಲದಲ್ಲಿ ಸಿಎ3080 ಎಂಬ ಚಿಪ್ ಇತ್ತು, ಅದರ ತಯಾರಿಕೆ ನಿಂತು ಎಷ್ಟೋ ಕಾಲವಾಯಿತು. ಈ ಬಗೆಯ ಸರ್ಕ್ಯೂಟಿಗೆ ಆ ಚಿಪ್ಪಿನ ಜಾತಿಯ ಹೆಸರಿನಲ್ಲೇ ಓಟಿಎ ಎನ್ನುತ್ತಾರೆ.

ಇದರ ಗುಣ ಹೇಳಬೇಕೆಂದರೆ, ಸೌಂಡ್ಸ್‌ನವ ಒಂದು ಕ್ಷಣ ತಡವಾಗಿ ಎಚ್ಚೆತ್ತು ಮತ್ತೆ ಗಟ್ಟಿಯಾಗಿ ಒತ್ತಿಹಿಡಿದ ಹಾಗೆ. ಪ್ಲೆಕ್ಟ್ರಮ್‌ನ "ಟಕ್" ತಪ್ಪಿಸಿಕೊಂಡು ಹೊರಗೆ ಬರುತ್ತದೆ, ಹಿಂದೆ ಬರುವ ಸ್ವರ ಚಪ್ಪಟೆಯಾಗಿ ಉದ್ದಕ್ಕೆ ಹರಿಯುತ್ತದೆ. ಫಂಕ್ ಕಾರ್ಡ್, ಕಂಟ್ರಿ ಲಿಕ್, ಬಿಡಿಬಿಡಿ ಆರ್ಪೆಜಿಯೋ, ಇವಕ್ಕೆ ಈ "ಟಕ್" ಬೇಕು. ದಿ ಪೊಲೀಸ್ ತಂಡದ ಆಂಡಿ ಸಮ್ಮರ್ಸ್ ಅವರ ಮಿರುಗುವ ಕ್ಲೀನ್ ಸದ್ದಿನ ಹಿಂದೆ ಇದೇ ಕೆಂಪು ಡಬ್ಬಿ ಇತ್ತು. ಹಳಬರ ಆರ್ಕೆಸ್ಟ್ರಾ ಹಾಡುಗಳ ಕಟ್ ರಿದಮ್ ಬಾರಿಸುವಾಗಲೂ ಇದು ಚಂದ ಕೂರುತ್ತದೆ.

ದೂರು ಏನೆಂದರೆ, ಇದಕ್ಕೆ ಮೆಲ್ಲ ಮಾತಾಡಲು ಬರುವುದಿಲ್ಲ. ಸೆನ್ಸಿಟಿವಿಟಿ ಕಡಿಮೆ ಇಟ್ಟರೂ ಒತ್ತುವುದು ಗೊತ್ತಾಗುತ್ತದೆ. ಮೇಲಿನ ಸ್ವರಗಳು ಸ್ವಲ್ಪ ಮಂಕಾಗುತ್ತವೆ. ಹಂಬಕರ್ (ತಂತಿಯ ಸದ್ದು ಹಿಡಿಯುವ ಎರಡು ಸುರುಳಿಯ ಪಿಕಪ್) ಇರುವ ಗಿಟಾರ್ ಕೊಟ್ಟರೆ ಇನ್ನಷ್ಟು ಬಿಗಿಯುತ್ತದೆ. ಅಟ್ಯಾಕ್ ಬದಲಿಸಲು ದೊಡ್ಡ ಮಾದರಿಯಲ್ಲಿ ದಾರಿಯಿಲ್ಲ. ಡೈನಾ ಕಾಂಪ್ ಮಿನಿಯಲ್ಲಿ ಅದಕ್ಕೊಂದು ಸ್ವಿಚ್ ಕೊಟ್ಟಿದ್ದಾರೆ, ಆದ್ದರಿಂದ ಈ ಎರಡರಲ್ಲಿ ನನ್ನ ವೋಟು ಸಣ್ಣದಕ್ಕೆ.

ಇದೇ ಸರ್ಕ್ಯೂಟಿನ ಜಾಡಿನಲ್ಲಿ ರಾಸ್ ಎಂಬ ಬೂದು ಪೆಡಲ್ ಬಂತು, ಅದರ ಜಾಡಿನಲ್ಲಿ 2001ರಲ್ಲಿ ರಾಬರ್ಟ್ ಕೀಲಿ ತಮ್ಮ ಕಂಪ್ರೆಸರ್ ಮಾಡಿದರು. ಈಗಿನ ಕೀಲಿ ಕಂಪ್ರೆಸರ್ ಪ್ಲಸ್‌ನಲ್ಲಿ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) ಮತ್ತು ಹಂಬಕರ್‌ಗೆ ಬೇರೆ ಬೇರೆ ಹೊಂದಿಸುವ ಸ್ವಿಚ್ ಇದೆ, ಬ್ಲೆಂಡ್ ನಾಬೂ ಇದೆ, ಅದರ ಮಾತು ಮುಂದೆ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಿರುವ ಎಕ್ಸಾಟಿಕ್ ಎಸ್‌ಪಿ ಕೂಡ ಈ ವಂಶದ್ದೇ.

ನೀಲಿ ಬಾಸ್

ಬಾಸ್ ಸಿಎಸ್-3 ಬಂದದ್ದು 1986ರಲ್ಲಿ, ಇನ್ನೂ ಮಾರಾಟದಲ್ಲಿದೆ. ಲೆವೆಲ್, ಟೋನ್, ಅಟ್ಯಾಕ್, ಸಸ್ಟೇನ್ (ಎಷ್ಟು ಒತ್ತಬೇಕು ಎಂಬುದು) ಎಂದು ನಾಲ್ಕು ನಾಬ್. ಡೈನಾ ಕಾಂಪಿಗಿಂತ ಇದರಲ್ಲಿ ಹಿಡಿತ ಜಾಸ್ತಿ, ಮುಖ್ಯವಾಗಿ ಅಟ್ಯಾಕ್. ಆ ನಾಬನ್ನು ಬಲಕ್ಕೆ ತಿರುಗಿಸಿದಷ್ಟೂ ಮೀಟಿದ ಏಟು ಚೂಪಾಗಿ ಕೇಳುತ್ತದೆ. ಟೋನ್ ನಾಬಿನಿಂದ ಮಂಕಾದ ಮೇಲಿನ ಸ್ವರಗಳನ್ನು ವಾಪಸ್ ತರಬಹುದು, ಆದರೆ ಅದರ ಜೊತೆ ಹಿಸ್ ಕೂಡ ಬರುತ್ತದೆ. ನಾಬನ್ನು ಗಡಿಯಾರದ ಮುಳ್ಳು ಎಂದುಕೊಂಡು ಟೋನ್ ಮತ್ತು ಸಸ್ಟೇನ್ ಎರಡನ್ನೂ ಗಂಟೆ ಮೂರರ ಜಾಗಕ್ಕೆ ತಂದರೆ ಕುದಿಯುವ ನೀರಿನ ಪಾತ್ರೆಯ ಪಕ್ಕ ನಿಂತ ಹಾಗೆ.

ಬೆಹ್ರಿಂಗರ್ ಸಿಎಸ್400 ಇದೇ ನಾಲ್ಕು ನಾಬಿನ ಅಗ್ಗದ ರೂಪ, ಪ್ಲಾಸ್ಟಿಕ್ ಮೈ. ಮನೆಯಲ್ಲಿ ಕಲಿಯಲು ಸಾಕು. ಸ್ಟೇಜಿನಲ್ಲಿ ಬೂಟಿನಿಂದ ಒತ್ತುವವರಿಗೆ ನಾನು ಹೇಳುವುದಿಲ್ಲ.

ಬಾಸ್‌ನ ಸಿಪಿ-1ಎಕ್ಸ್ ಬೇರೆಯೇ ಜಾತಿ. ಡಿಜಿಟಲ್, ಕೆಳಗಿನ ಮತ್ತು ಮೇಲಿನ ಸ್ವರಗಳನ್ನು ಬೇರೆ ಬೇರೆಯಾಗಿ ಒತ್ತುತ್ತದೆ. ಕೆಲಸ ಅಚ್ಚುಕಟ್ಟು. ನನಗೆ ಅದು ಸ್ವಲ್ಪ ಅತಿ ಅಚ್ಚುಕಟ್ಟು ಅನಿಸಿತು, ಅದು ನನ್ನ ಕಿವಿಯ ವಿಷಯ.

ಬೆಳಕಿನ ಕಂಪ್ರೆಸರ್

ಆಪ್ಟಿಕಲ್ ಬಗೆಯದ್ದನ್ನು ನಾನು ಮಾರದೆ ಉಳಿಸಿಕೊಂಡಿದ್ದೇನೆ, ಹಾಗಾಗಿ ಪಕ್ಷಪಾತ ಇದೆ ಎಂದು ತಿಳಿದೇ ಓದಿ.

ಒಂದು ಮುಚ್ಚಿದ ಗೂಡಿನೊಳಗೆ ಪುಟ್ಟ ಎಲ್‌ಇಡಿ, ಅದರೆದುರು ಬೆಳಕು ಬಿದ್ದರೆ ರೆಸಿಸ್ಟೆನ್ಸ್ ಇಳಿಯುವ ತುಣುಕು. ನೀವು ಜೋರಾಗಿ ಮೀಟಿದರೆ ಎಲ್‌ಇಡಿ ಬೆಳಗುತ್ತದೆ, ಎದುರಿನ ತುಣುಕು ಸದ್ದನ್ನು ಇಳಿಸುತ್ತದೆ. ಸ್ವಾರಸ್ಯ ಇರುವುದು ಬೆಳಕು ಆರಿದ ಮೇಲೆ. ಆ ತುಣುಕು ತಟ್ಟನೆ ಮೊದಲಿನಂತಾಗುವುದಿಲ್ಲ. ಮೊದಲು ಸ್ವಲ್ಪ ಬೇಗ, ಮತ್ತೆ ನಿಧಾನ, ನಿಧಾನ. 1960ರ ದಶಕದ ಸ್ಟುಡಿಯೋ ಯಂತ್ರ ಎಲ್‌ಎ-2ಎಯಲ್ಲಿ ಗಾಯಕರ ಸ್ವರ ಅಷ್ಟು ಸಹಜವಾಗಿ ಕೇಳಲು ಕಾರಣ ಈ ಎರಡು ಹಂತದ ಹಿಂತಿರುಗುವಿಕೆ. ಪೆಡಲ್‌ಗಳಲ್ಲಿ ಡೈಮಂಡ್ ಕಂಪ್ರೆಸರ್ ಇದಕ್ಕೆ ಹೆಸರಾದದ್ದು, ಮೂವರ್ ಯೆಲ್ಲೋ ಕಾಂಪ್ ಅದನ್ನೇ ನೋಡಿ ಮಾಡಿದ ಸಣ್ಣ, ಅಗ್ಗದ ಪೆಡಲ್. ಎರಡರಲ್ಲೂ ವಾಲ್ಯೂಮ್, ಕಾಂಪ್ (ಎಷ್ಟು ಒತ್ತಬೇಕು ಎಂಬುದು), ಈಕ್ಯೂ (ಟೋನ್ ಹೊಂದಿಸಲು) ನಾಬ್‌ಗಳು.

ಗಮಕದ ಮಾತು ಇಲ್ಲಿಗೆ ಬಂತು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಕರ್ನಾಟಕ ಸಂಗೀತ ಎಂದರೆ ಆರ್. ಪ್ರಸನ್ನ ಅವರ ಹೆಸರು ಎಲ್ಲರಿಗೂ ಗೊತ್ತು, ಎಲೆಕ್ಟ್ರಿಕ್ ಮ್ಯಾಂಡೊಲಿನ್ ಎಂದರೆ ಯು. ಶ್ರೀನಿವಾಸ್. ಅವರ ಕೈಯಲ್ಲಿದ್ದ ಹದ ನಮ್ಮ ಪೆಡಲಿನಿಂದ ಬರುವುದಿಲ್ಲ, ಅದು ಬೇರೆ. ಆದರೆ ಮನೆಯಲ್ಲಿ ಕೂತು ಆಲಾಪನೆ ಅಭ್ಯಾಸ ಮಾಡುವ ನಮ್ಮಂಥವರಿಗೆ ಆಪ್ಟಿಕಲ್ ಯಾಕೆ ಸರಿ ಎಂದರೆ, ಸ್ವರ ಸಾಯುತ್ತಾ ಬಂದಂತೆ ಅದು ಮೆಲ್ಲಗೆ ಕೈ ಬಿಡುತ್ತದೆ. ಎಳೆದ ತಂತಿಯ ಬಾಲ ಏರುವುದು ಗೊತ್ತೇ ಆಗುವುದಿಲ್ಲ. ಡೈನಾ ಕಾಂಪಿನಲ್ಲಿ ಇದೇ ಪ್ರಯೋಗ ಮಾಡಿದೆ: ಸ್ವರ ಉದ್ದವಾಯಿತು ನಿಜ, ಆದರೆ ಪ್ರತಿ ಮೀಟಿಗೂ ಒಂದೇ ತೂಕ ಬಂತು. ತಾನದಲ್ಲಿ ಒತ್ತು ಎಲ್ಲಿ, ಸಡಿಲ ಎಲ್ಲಿ ಎಂದು ತಿಳಿಯದ ಹಾಗೆ ಆಯಿತು. ತಂತಿಗೆ ಇಸ್ತ್ರಿ ಹಾಕಿದ ಹಾಗೆ.

ಆಪ್ಟಿಕಲ್‌ಗೆ ಚುರುಕು ಸಾಲದು, ಅದು ಒಪ್ಪಬೇಕಾದ ಮಾತು. ಫಂಕ್ ಬಾರಿಸುವ ಗೆಳೆಯ ನನ್ನದನ್ನು ಎರಡು ದಿನ ಇಟ್ಟುಕೊಂಡು "ಇದು ಮಧ್ಯಾಹ್ನ ಊಟ ಮಾಡಿ ಮಲಗಿದ ಕಂಪ್ರೆಸರ್" ಎಂದು ವಾಪಸ್ ಕೊಟ್ಟ.

ಫೆಟ್, ಅಂದರೆ ಒಂದು ಜಾತಿಯ ಟ್ರಾನ್ಸಿಸ್ಟರಿನಿಂದ ಒತ್ತುವ ಬಗೆಯದ್ದರ ಬಗ್ಗೆ ಒಂದೇ ಮಾತು. 1967ರಲ್ಲಿ ಬಿಲ್ ಪುಟ್ನಮ್ ರೂಪಿಸಿದ 1176 ಎಂಬ ಸ್ಟುಡಿಯೋ ಯಂತ್ರದ ಸ್ವಭಾವವನ್ನು ಪೆಡಲಿಗೆ ತಂದದ್ದು ಒರಿಜಿನ್ ಎಫೆಕ್ಟ್ಸ್‌ನ ಕ್ಯಾಲಿ76. ಬಹಳ ಚುರುಕು, ಬಹಳ ಚಂದ, ಬೆಲೆ ಕೇಳಿದರೆ ಒಂದು ಗಿಟಾರೇ ಬರುತ್ತದೆ. ರೆಕಾರ್ಡಿಂಗ್ ಮಾಡುವವರಿಗೆ ಸರಿ.

ಬ್ಲೆಂಡ್ ನಾಬ್ ಇದ್ದರೆ ಅದನ್ನೇ

ಬಗೆ ಯಾವುದೇ ಇರಲಿ, ಎರಡು ಪೆಡಲ್ ಎದುರು ಇಟ್ಟು ಒಂದನ್ನು ಆರಿಸಿ ಎಂದರೆ ನಾನು ಬ್ಲೆಂಡ್ ನಾಬ್ ಇರುವುದನ್ನು ಎತ್ತಿಕೊಳ್ಳುತ್ತೇನೆ. ಎಕ್ಸಾಟಿಕ್ ಎಸ್‌ಪಿ, ವಾಂಪ್ಲರ್ ಈಗೋ, ಕೀಲಿ ಪ್ಲಸ್, ಇವುಗಳಲ್ಲೆಲ್ಲ ಉಂಟು. ಒತ್ತಿದ ಸದ್ದಿಗೆ ಒತ್ತದ ಸದ್ದನ್ನು ಬೇಕಾದಷ್ಟು ಬೆರೆಸುವುದು ಇದರ ಕೆಲಸ. ಕೈಯ ಏಟು ಒತ್ತದ ದಾರಿಯಿಂದ ಬರುತ್ತದೆ, ಉದ್ದದ ಬಾಲ ಒತ್ತಿದ ದಾರಿಯಿಂದ. ಕಂಪ್ರೆಸರ್ ಹಾಕಿದರೆ ಬೆರಳಿನ ಜೀವ ಹೋಗುತ್ತದೆ ಎಂದು ದೂರುವವರ ಮುಕ್ಕಾಲು ದೂರು ಈ ಒಂದು ನಾಬಿನಲ್ಲಿ ಮುಗಿಯುತ್ತದೆ.

ಹೊಂದಿಸುವುದು

ಮೊದಲು ಲೆವೆಲ್. ಆನ್ ಮಾಡಿದಾಗಲೂ ಆಫ್ ಮಾಡಿದಾಗಲೂ ಸದ್ದು ಒಂದೇ ಮಟ್ಟದಲ್ಲಿ ಇರಬೇಕು. ಇದನ್ನು ಮಾಡದೆ ಯಾವ ಕಂಪ್ರೆಸರನ್ನೂ ಹೋಲಿಸಬೇಡಿ, ಯಾಕೆಂದರೆ ಸ್ವಲ್ಪ ಜೋರು ಇರುವುದೆಲ್ಲ ಕಿವಿಗೆ ಒಳ್ಳೆಯದಾಗಿಯೇ ಕೇಳುತ್ತದೆ.

ಮತ್ತೆ ಸಸ್ಟೇನ್ ಅಥವಾ ಸೆನ್ಸಿಟಿವಿಟಿ. ಅದನ್ನು ಬೇಕೆಂದೇ ಅತಿಗೆ ಏರಿಸಿ, ಉಸಿರುಕಟ್ಟಿದ ಹಾಗೆ ಕೇಳುವಷ್ಟು. ಈಗ ಮೂರನೇ ತಂತಿಯ ಏಳನೇ ಫ್ರೆಟ್ ಮೀಟಿ ಬಿಟ್ಟು ಮೆಲ್ಲ ಇಳಿಸುತ್ತಾ ಬನ್ನಿ. ಉಸಿರುಕಟ್ಟುವುದು ನಿಂತ ಜಾಗದಿಂದ ಇನ್ನೂ ಕೂದಲಿನಷ್ಟು ಕೆಳಗೆ ಬಿಡಿ. ನನ್ನ ಅನುಭವದಲ್ಲಿ ಅದು ಗಂಟೆ ಒಂಬತ್ತೂವರೆ ಮತ್ತು ಹನ್ನೊಂದರ ನಡುವೆ ಎಲ್ಲೋ ನಿಲ್ಲುತ್ತದೆ. ಅಟ್ಯಾಕ್ ಇದ್ದರೆ ರಿದಮ್ ಬಾರಿಸುತ್ತಾ ಹೊಂದಿಸಿ, ಲೀಡ್ ಬಾರಿಸುತ್ತಾ ಅಲ್ಲ.

ಇಗರ್ಜಿಯ ಒಳಗೆ ಇವೆಲ್ಲವನ್ನೂ ಇನ್ನೊಂದು ಸಲ ಇಳಿಸಿ. ಎತ್ತರದ ಮಾಡು, ಕಲ್ಲಿನ ನೆಲ, ಸ್ವರ ತಾನಾಗಿಯೇ ಎರಡು ಸೆಕೆಂಡ್ ತಿರುಗುವ ಜಾಗ ಅದು. ಅಲ್ಲಿ ಬಾಲ ಉದ್ದ ಮಾಡಿದರೆ ಒಂದು ಕಾರ್ಡ್ ಮುಗಿಯುವ ಮೊದಲು ಇನ್ನೊಂದು ಅದರ ಮೇಲೆ ಬಿದ್ದು ಗಂಜಿಯಾಗುತ್ತದೆ.

ಪೆಡಲ್‌ಗಳ ಸಾಲಿನಲ್ಲಿ ಕಂಪ್ರೆಸರಿಗೆ ಮುಂದಿನ ಜಾಗ: ಗಿಟಾರ್, ವಾಹ್ ಇದ್ದರೆ ವಾಹ್, ಮತ್ತೆ ಕಂಪ್ರೆಸರ್, ಅದರ ನಂತರ ಓವರ್‌ಡ್ರೈವ್ (ಡಿಸ್ಟಾರ್ಶನ್‌ನ ಸೌಮ್ಯ ರೂಪ). ಡಿಲೇ, ರಿವರ್ಬ್ ಕೊನೆಗೆ. ಇದನ್ನು ಉಲ್ಟಾ ಮಾಡಿದ್ದರ ಫಲ ನಾನೇ ಉಂಡಿದ್ದೇನೆ. ಒಂದು ಮದುವೆ ಹಾಲಿನಲ್ಲಿ ಓವರ್‌ಡ್ರೈವ್‌ನ ನಂತರ ಕಂಪ್ರೆಸರ್ ಇಟ್ಟು, ಸಸ್ಟೇನ್ ಪೂರ್ತಿ ಏರಿಸಿ, ಐದು ಪೆಡಲಿಗೆ ಒಂದೇ ಅಡಾಪ್ಟರಿನಿಂದ ಸರಪಳಿ ವಯರಿನಲ್ಲಿ ಕರೆಂಟ್ ಕೊಟ್ಟಿದ್ದೆ. ಹಾಡು ಇರುವಷ್ಟು ಹೊತ್ತು ಯಾರಿಗೂ ಗೊತ್ತಾಗಲಿಲ್ಲ. ಟೋಸ್ಟ್ ಹೇಳಲು ವಧುವಿನ ಮಾವ ಮೈಕ್ ಹಿಡಿದು ನಿಂತರು, ಹಾಲ್ ಪೂರ್ತಿ ಮೌನ. ಆ ಮೌನದೊಳಗೆ ನನ್ನ ಆಂಪ್ ಮೆಲ್ಲ ಮೆಲ್ಲ ಏರತೊಡಗಿತು, ಸ್ಸ್ಸ್ ಎಂದು, ಅದರಡಿಯಲ್ಲಿ ಗುಂಯ್ ಎಂದು. ಕಂಪ್ರೆಸರ್ ಅದರ ಧರ್ಮ ಪಾಲಿಸುತ್ತಿತ್ತು, ಸಣ್ಣದನ್ನು ದೊಡ್ಡದು ಮಾಡುತ್ತಿತ್ತು. ಮಾವನವರು ಎರಡು ಸಲ ಮೈಕ್ ತಟ್ಟಿ ನೋಡಿದರು, ಪಾಪ, ಅವರ ಮೈಕೇ ಹಾಳು ಎಂದುಕೊಂಡು. ಡ್ರಮ್ಮರ್ ನನ್ನ ಕೇಬಲ್ ಕಿತ್ತ.

ಆ ಗುಂಯ್ ನಮ್ಮ ಮನೆಯ ಕರೆಂಟಿನ 50 ಹರ್ಟ್ಸ್. ಸಿಂಗಲ್ ಕಾಯಿಲ್ ಪಿಕಪ್ ಅದನ್ನು ಟ್ಯೂಬ್‌ಲೈಟಿನ ಚೋಕಿನಿಂದಲೂ ಡಿಮ್ಮರ್ ಹಾಕಿದ ಲೈಟಿನಿಂದಲೂ ಹೆಕ್ಕುತ್ತದೆ. ಸೀರಿಯಲ್ ಸೆಟ್ ಸುತ್ತಿದ ಮಂಟಪದ ಪಕ್ಕ ಆಂಪ್ ಇಡಬೇಡಿ, ಎರಡು ಹೆಜ್ಜೆ ಸರಿದು ಗಿಟಾರನ್ನು ತಿರುಗಿಸಿ ನೋಡಿ, ಎಷ್ಟೋ ಕಡಿಮೆಯಾಗುತ್ತದೆ. ಪ್ರತಿ ಪೆಡಲಿಗೂ ಬೇರೆ ಬೇರೆ ಲೈನ್ ಕೊಡುವ ಐಸೊಲೇಟೆಡ್ ಪವರ್ ಸಪ್ಲೈಗೆ ದುಡ್ಡು ಹಾಕಿದರೆ ಅದು ಇನ್ನೊಂದು ಕಂಪ್ರೆಸರ್ ಕೊಂಡದ್ದಕ್ಕಿಂತ ಹೆಚ್ಚು ಉಪಯೋಗ. ಈಗಿನ ಹೆಚ್ಚಿನ ಪೆಡಲಿಗೆ ಬೇಕಾದದ್ದು 9 ವೋಲ್ಟ್, ಪಿನ್ನಿನ ನಡುವೆ ನೆಗೆಟಿವ್. ಮನೆಯಲ್ಲಿ ಬಿದ್ದಿರುವ ಹಳೇ ಅಡಾಪ್ಟರ್ ಚುಚ್ಚುವ ಮೊದಲು ಅದರ ಮೇಲಿನ ಚಿತ್ರ ಓದಿ. ಎಷ್ಟೋ ಅಡಾಪ್ಟರಿನಲ್ಲಿ ನಡುವೆ ಪಾಸಿಟಿವ್ ಇರುತ್ತದೆ.

ಸೆಕೆಂಡ್ ಹ್ಯಾಂಡ್

ಮಣಿಪಾಲದಲ್ಲಿ ಕೋರ್ಸ್ ಮುಗಿಸಿ ಊರಿಗೆ ಹೊರಡುವ ಹುಡುಗರು ಮೇ, ಜೂನ್ ಹೊತ್ತಿಗೆ ಪೆಡಲ್ ಮಾರುತ್ತಾರೆ. ಕಂಪ್ರೆಸರ್ ಅದರಲ್ಲಿ ಸಾಮಾನ್ಯ, ಏನು ಮಾಡುತ್ತದೆ ಎಂದು ತಿಳಿಯದೆ ಕೊಂಡದ್ದಲ್ಲವೇ. ಕ್ಲೀನ್ ಆಂಪಿಗೆ ಹಾಕಿಯೇ ನೋಡಿ. ಪ್ರತಿ ನಾಬನ್ನೂ ಸ್ವರ ನಿಂತಿರುವಾಗಲೇ ತಿರುಗಿಸಿ: ಕರಕರ ಎಂದರೆ ಕಡಲ ಗಾಳಿ ಒಳಗೆ ಹೋಗಿದೆ. ಇದು ದೊಡ್ಡ ವಿಷಯ ಅಲ್ಲ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತು ಸಲ ಆಚೀಚೆ ತಿರುಗಿಸಿದರೆ ಹೆಚ್ಚಾಗಿ ಸರಿಯಾಗುತ್ತದೆ. ಮಳೆಗಾಲದಲ್ಲಿ ನಾನು ಪೆಡಲ್ ಜೋಡಿಸಿದ ನನ್ನ ಬೋರ್ಡನ್ನು ಮುಚ್ಚಳ ಇರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ.

ಆದರೆ ಬ್ಯಾಟರಿ ಗೂಡು ತೆರೆದು ನೋಡದೆ ದುಡ್ಡು ಕೊಡಬೇಡಿ. ನಾನು ಕೊನೆಗೆ ಕೊಂಡ ಸಿಎಸ್-3ರಲ್ಲಿ ಯಾರೋ ಎರಡು ಮಳೆಗಾಲ ಬ್ಯಾಟರಿ ಬಿಟ್ಟಿದ್ದರು. ಕ್ಲಿಪ್ಪಿನ ಮೇಲೆ ಹಸಿರು ಕಿಲುಬು, ವಯರಿನ ಬುಡದವರೆಗೆ. ಮುನ್ನೂರು ರೂಪಾಯಿ ಇಳಿಸಿಕೊಂಡು ತಂದೆ, ಕ್ಲಿಪ್ ಕತ್ತರಿಸಿ ಹೊಸತು ಬೆಸೆದೆ, ಒಂದು ವರ್ಷ ಬಾರಿಸಿದೆ. ಮತ್ತೆ ಅದನ್ನೂ ಮಾರಿದೆ, ಕ್ಲಿಪ್ ತೋರಿಸಿಯೇ.